ರಮ್ಮಿನಲ್ಲಿ ನೆನೆದ ಹಣ್ಣು: ಕ್ರಿಸ್‌ಮಸ್ ಕೇಕಿನ ಹದ

ಮದ್ಯ ಬೆರೆಸಿದ ಕೇಕು ಎಂದೊಡನೆ ನಮ್ಮ ಮನೆಗಳಲ್ಲಿ ಎರಡು ಬಗೆಯ ಮಾತುಗಳು ಕೇಳಿಬರುವುದುಂಟು. ತಿಂದವರಿಗೆ ಮತ್ತೇರುತ್ತದೆ, ಆದಕಾರಣ ಗೃಹಸ್ಥರು ಅದನ್ನು ಮುಟ್ಟತಕ್ಕದ್ದಲ್ಲ ಎಂಬುದು ಮೊದಲನೆಯದು. ಒಲೆಯ ಕಾವಿಗೆ ಮದ್ಯಾಂಶವೆಲ್ಲ ಆವಿಯಾಗಿ ಹೋಗಿ ಪರಿಮಳ ಮಾತ್ರ ಉಳಿಯುತ್ತದೆ, ಆದಕಾರಣ ಯಾರಿಗೆ ಕೊಟ್ಟರೂ ಬಾಧಕವಿಲ್ಲ ಎಂಬುದು ಎರಡನೆಯದು. ಇವೆರಡರಲ್ಲಿ ಯಾವುದೂ ಪೂರ್ಣಸತ್ಯವಲ್ಲ. ಕೇಕಿನಲ್ಲಿ ಎಷ್ಟು ಮದ್ಯ ಉಳಿಯುತ್ತದೆಂಬುದು ಅದನ್ನು ಎಷ್ಟು ಹೊತ್ತು ಬೇಯಿಸಿದೆವೆಂಬುದರ ಮೇಲೆಯೂ, ಅದಕ್ಕಿಂತ ಹೆಚ್ಚಾಗಿ, ಬೆಂದ ಮೇಲೆ ಅದಕ್ಕೆ ಎಷ್ಟು ಉಣಿಸಿದೆವೆಂಬುದರ ಮೇಲೆಯೂ ನಿಂತಿದೆ. ಈ ಒಂದು ಸಂಗತಿಯನ್ನು ಚೆನ್ನಾಗಿ ಮನಗಂಡವರು ಅನವಶ್ಯಕವಾದ ಅಂಜಿಕೆಯನ್ನೂ ಅಷ್ಟೇ ಅನವಶ್ಯಕವಾದ ಉದಾಸೀನವನ್ನೂ ಬಿಟ್ಟು, ತಮ್ಮ ಮನೆಗೆ ಒಪ್ಪುವ ಪ್ರಮಾಣದಲ್ಲಿ ಈ ಭಕ್ಷ್ಯವನ್ನು ಸಿದ್ಧಪಡಿಸಿಕೊಳ್ಳಬಹುದು.

ಮದ್ಯಕ್ಕೆ ಕೇಕಿನಲ್ಲಿ ಏನು ಕೆಲಸವೆಂಬುದನ್ನು ಮೊದಲು ವಿಚಾರಿಸೋಣ. ದಾಲ್ಚಿನ್ನಿ, ಲವಂಗ, ಜಾಯಿಕಾಯಿ, ಕಿತ್ತಳೆಯ ಸಿಪ್ಪೆ ಮುಂತಾದವುಗಳ ಸುಗಂಧವಿರುವುದು ಬಹುಮಟ್ಟಿಗೆ ಅವುಗಳ ತೈಲಾಂಶದಲ್ಲಿ. ಆ ತೈಲ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ಮದ್ಯಸಾರದಲ್ಲಿಯಾದರೋ ಸುಲಭವಾಗಿ ಕರಗುತ್ತದೆ. ರಮ್ಮಿನಲ್ಲಿ ನೆನೆದ ದ್ರಾಕ್ಷಿಯೊಂದನ್ನು ಬಾಯಿಗಿಟ್ಟರೆ ಮಸಾಲೆ, ಹಣ್ಣು, ಸಕ್ಕರೆ ಮೂರೂ ಬೇರೆ ಬೇರೆಯಾಗಿ ತೋರದೆ ಒಂದಾಗಿ ತೋರುವುದಕ್ಕೆ ಇದೇ ಕಾರಣ. ಎರಡನೆಯದಾಗಿ, ಒಣಗಿದ ಹಣ್ಣನ್ನು ಹಾಗೆಯೇ ಹಿಟ್ಟಿಗೆ ಸೇರಿಸಿದರೆ ಅದು ಬೇಯುವಾಗ ಸುತ್ತಲಿನ ತೇವವನ್ನು ಹೀರಿಕೊಂಡು ಕೇಕನ್ನು ಪುಡಿಪುಡಿಯಾಗಿಸುತ್ತದೆ. ಮೊದಲೇ ನೆಂದು ಉಬ್ಬಿದ ಹಣ್ಣು ಹಾಗೆ ಮಾಡದೆ, ದಿನಗಳು ಕಳೆದಂತೆಲ್ಲ ತನ್ನಲ್ಲಿರುವ ತೇವವನ್ನು ಕೇಕಿಗೆ ಬಿಟ್ಟುಕೊಡುತ್ತದೆ. ಮೂರನೆಯದು ಸಂರಕ್ಷಣೆ. ಸಕ್ಕರೆಯೂ ಮದ್ಯಸಾರವೂ ಕೂಡಿರುವೆಡೆ ಬೂಷ್ಟು ಸುಲಭವಾಗಿ ಬೆಳೆಯಲಾರದು. ಶೀತಪೆಟ್ಟಿಗೆಗಳಿಲ್ಲದ ಕಾಲದಲ್ಲಿ ಆಂಗ್ಲರು ತಮ್ಮ ಹಬ್ಬದ ಕೇಕನ್ನು ವಾರಗಟ್ಟಲೆ ಮುಂಚೆ ಮಾಡಿ ಇಟ್ಟುಕೊಳ್ಳುತ್ತಿದ್ದುದು ಈ ಬಲದಿಂದಲೇ. ಒಟ್ಟಿನಲ್ಲಿ ಮದ್ಯವು ಇಲ್ಲಿ ಕಛೇರಿಯ ತಂಬೂರಿಯಂತೆ ಹಿಂದೆ ಕುಳಿತು ಉಳಿದ ರುಚಿಗಳಿಗೆ ಶ್ರುತಿ ಹಿಡಿಯಬೇಕಾದದ್ದು. ಅದೇ ಮುಂದೆ ಬಂದು ಹಾಡತೊಡಗಿದರೆ ಹದ ತಪ್ಪಿತೆಂದೇ ತಿಳಿಯಬೇಕು.

ನಮ್ಮ ನಾಡಿನ ಅಡಿಗೆಗೆ ಈ ತತ್ತ್ವ ಪರಕೀಯವೇನಲ್ಲ. ಮಂಗಳೂರಿನ ಕ್ರೈಸ್ತ ಮನೆಗಳಲ್ಲಿ ಅಕ್ಕಿಹಿಟ್ಟನ್ನು ಶೇಂದಿಯಿಂದ ಹುಳಿಬರಿಸಿ, ಹಬೆಯಲ್ಲಿ ಬೇಯಿಸಿ ಸನ್ನಗಳನ್ನು ಮಾಡುವ ಪದ್ಧತಿ ಬಹುಕಾಲದಿಂದ ನಡೆದುಬಂದಿದೆ. ಅಲ್ಲಿ ಕ್ರಿಸ್‌ಮಸ್ಸಿಗೆ ನೆರೆಹೊರೆಯವರಿಗೆ ಹಂಚುವ ಕುಸ್ವಾರಿನ ತಟ್ಟೆಯಲ್ಲಿ ಕಿಡಿಯೊ, ನೆವ್ರಿಗಳ ಮಗ್ಗುಲಲ್ಲಿ ಹಣ್ಣಿನ ಕೇಕಿನ ತುಂಡಿಗೂ ಸ್ಥಾನವುಂಟು.

ಭಾರತದಲ್ಲಿ ಈ ಕೇಕು ಮೊದಲು ತಯಾರಾದ ಕಥೆಯನ್ನು ತಲಶ್ಶೇರಿಯವರು ಇಂದಿಗೂ ಅಭಿಮಾನದಿಂದ ಹೇಳಿಕೊಳ್ಳುತ್ತಾರೆ. ಬರ್ಮಾದಲ್ಲಿ ಬಿಸ್ಕತ್ತಿನ ಕಸುಬು ಕಲಿತು ಬಂದು ಆ ಊರಿನಲ್ಲಿ ರಾಯಲ್ ಬಿಸ್ಕತ್ ಫ್ಯಾಕ್ಟರಿಯನ್ನು ತೆರೆದಿದ್ದ ಮಾಂಬಳ್ಳಿ ಬಾಪು ಎಂಬುವರ ಬಳಿಗೆ, 1883ರಲ್ಲಿ, ಅಂಜರಕಂಡಿಯ ದಾಲ್ಚಿನ್ನಿ ತೋಟದ ದೊರೆ ಮರ್ಡಾಕ್ ಬ್ರೌನ್ ಎಂಬಾತ ಇಂಗ್ಲೆಂಡಿನಿಂದ ತಂದಿದ್ದ ಕೇಕೊಂದನ್ನು ಹಿಡಿದು ಬಂದು, ಇಂಥದೇ ಒಂದನ್ನು ಕ್ರಿಸ್‌ಮಸ್ಸಿಗೆ ಮಾಡಿಕೊಡಲಾದೀತೇ ಎಂದು ಕೇಳಿದನಂತೆ. ಫ್ರೆಂಚರ ವಶದಲ್ಲಿದ್ದ ಸಮೀಪದ ಮಾಹೆಯಿಂದ ಬ್ರಾಂದಿಯನ್ನು ತರಿಸಿಕೊಳ್ಳುವಂತೆ ದೊರೆ ಸೂಚಿಸಿದರೂ ಬಾಪು ಅದನ್ನು ಒಲ್ಲದೆ, ಗೇರುಹಣ್ಣು ಕದಳೀಫಲಗಳಿಂದ ಸ್ಥಳದಲ್ಲೇ ತಯಾರಾದ ಮದ್ಯವನ್ನು ಬಳಸಿ, ಊರ ಕಮ್ಮಾರನಿಂದ ಅಚ್ಚು ಮಾಡಿಸಿ, ಕೇಕನ್ನು ಬೇಯಿಸಿಕೊಟ್ಟನೆಂದೂ, ತಿಂದು ನೋಡಿದ ದೊರೆ ಮೆಚ್ಚಿ ಇನ್ನಷ್ಟು ಕೇಕುಗಳಿಗೆ ಹೇಳಿಹೋದನೆಂದೂ ಪ್ರತೀತಿ. ನಮ್ಮ ಕರಾವಳಿಯ ಗೇರುತೋಟಗಳನ್ನು ಬಲ್ಲವರಿಗೆ ಈ ಕಥೆಯಲ್ಲಿ ಒಂದು ಆಪ್ತತೆ ತೋರದಿರದು. ವಿಲಾಯತಿಯ ಭಕ್ಷ್ಯವೊಂದು ಈ ನೆಲದ ಹಣ್ಣಿನ ರಸದಿಂದ ಈ ನೆಲದ್ದಾಯಿತೆಂಬುದು ಹೆಮ್ಮೆಪಡತಕ್ಕ ಮಾತೇ ಸರಿ.

ಇಂದು ಬೆಂಗಳೂರು, ಮಂಗಳೂರುಗಳ ಮನೆಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ಕಪ್ಪು ರಮ್ಮು. ಈ ಆಯ್ಕೆಗೆ ಕಾರಣವಿದೆ. ರಮ್ಮು ಹುಟ್ಟುವುದು ಕಬ್ಬಿನ ಹಾಲಿನಿಂದ ಸಕ್ಕರೆಯನ್ನು ತೆಗೆದ ಮೇಲೆ ಉಳಿಯುವ ಕಾಕಂಬಿಯಿಂದ. ಕೇಕಿಗೆ ಕಂದುಬಣ್ಣ ಬರುವುದು ಸುಟ್ಟ ಸಕ್ಕರೆಯ ಪಾಕದಿಂದ. ಹೀಗೆ ಇವೆರಡೂ ಒಂದೇ ಕಬ್ಬಿನ ಸಂತಾನವಾಗಿರುವುದರಿಂದ ಪರಸ್ಪರ ಬಹುಬೇಗ ಹೊಂದಿಕೊಳ್ಳುತ್ತವೆ. ಮೋಹನ್ ಮೀಕಿನ್ ಸಂಸ್ಥೆಯವರು 1954ರಲ್ಲಿ ಮಾರುಕಟ್ಟೆಗೆ ತಂದ ಓಲ್ಡ್ ಮಾಂಕ್ ರಮ್ಮು ಅಸಂಖ್ಯ ಮನೆಗಳ ಹಣ್ಣಿನ ಭರಣಿಗಳಲ್ಲಿ ನೆಲೆಸಿರುವುದು ಅದರ ವೆನಿಲ್ಲಾ ಛಾಯೆಯ, ಸುಟ್ಟ ಬೆಲ್ಲವನ್ನು ನೆನಪಿಸುವ ಪರಿಮಳದಿಂದಾಗಿ. ದುಬಾರಿಯಾದ ಸೀಸೆಯೇ ಬೇಕೆಂದಿಲ್ಲ. ಆದರೆ ಮೊಹರು ಒಡೆಯದ, ಪರವಾನಗಿ ಪಡೆದ ಅಂಗಡಿಯಿಂದ ಕೊಂಡ ಸೀಸೆಯೇ ಆಗಿರಬೇಕೆಂಬುದರಲ್ಲಿ ರಿಯಾಯಿತಿಯಿಲ್ಲ.

ಇನ್ನು ಹಣ್ಣುಗಳ ವಿಚಾರ. ಎಂಟು ಅಂಗುಲದ ಒಂದು ದುಂಡನೆಯ ಕೇಕಿಗೆ ಒಟ್ಟು 500 ಗ್ರಾಂ ಹಣ್ಣು ಸಾಕು: ಕಪ್ಪು ಒಣದ್ರಾಕ್ಷಿ 150 ಗ್ರಾಂ, ಹೊಂಬಣ್ಣದ ದ್ರಾಕ್ಷಿ 150 ಗ್ರಾಂ, ಬೀಜ ತೆಗೆದ ಖರ್ಜೂರ 75 ಗ್ರಾಂ, ಚೆರ್ರಿ ಮತ್ತು ಟೂಟಿಫ್ರೂಟಿ ಸೇರಿ 75 ಗ್ರಾಂ, ಸಕ್ಕರೆಯಲ್ಲಿ ಪಾಕ ಮಾಡಿದ ಕಿತ್ತಳೆಸಿಪ್ಪೆ 50 ಗ್ರಾಂ. ಟೂಟಿಫ್ರೂಟಿ ಎಂಬುದು ಪರಂಗಿಕಾಯಿಯ ತುಣುಕಿಗೆ ಸಕ್ಕರೆಪಾಕ ಕುಡಿಸಿ ಬಣ್ಣ ಹಾಕಿದ್ದು. ಅದನ್ನು ಹೆಚ್ಚು ಮಾಡಿದಷ್ಟೂ ಕೇಕು ಬರಿಯ ಸಿಹಿಯಾಗುತ್ತದಲ್ಲದೆ ರುಚಿ ಏರುವುದಿಲ್ಲ. ಕಿತ್ತಳೆಯ ಸಿಪ್ಪೆಯನ್ನು ಮಾತ್ರ ಮನೆಯಲ್ಲಿ ಮಾಡಿಕೊಳ್ಳುವುದು ಶ್ರೇಯಸ್ಕರ. ಸಿಪ್ಪೆಯನ್ನು ಎಳೆಎಳೆಯಾಗಿ ಹೆಚ್ಚಿ, ಎರಡು ಸಲ ಹೊಸ ನೀರಿನಲ್ಲಿ ಕುದಿಸಿ ಬಸಿದು ಕಹಿಯನ್ನು ಕಳೆದು, ಅನಂತರ ಅದರ ತೂಕದಷ್ಟೇ ಸಕ್ಕರೆಯನ್ನು ಸ್ವಲ್ಪ ನೀರಿನೊಡನೆ ಸೇರಿಸಿ ಸಣ್ಣ ಉರಿಯಲ್ಲಿ ಎಳೆಗಳು ಪಾರದರ್ಶಕವಾಗುವವರೆಗೆ ಕುದಿಸಿದರಾಯಿತು. ಅಂಗಡಿಯ ಸಿಪ್ಪೆಗೆ ಈ ಘಮ ಎಂದಿಗೂ ಬಾರದು.

ದ್ರಾಕ್ಷಿಯ ತೊಟ್ಟುಗಳನ್ನು ಬೆರಳಿನಿಂದ ಒಂದೊಂದಾಗಿ ಕಿತ್ತು ತೆಗೆಯಬೇಕು. ಹಣ್ಣನ್ನು ತೊಳೆದದ್ದಾದರೆ ಬಟ್ಟೆಯ ಮೇಲೆ ಹರಡಿ ತೇವ ಸಂಪೂರ್ಣವಾಗಿ ಆರುವವರೆಗೆ ಬಿಡಬೇಕು. ಉಪ್ಪಿನಕಾಯಿ ಹಾಕುವವರಿಗೆ ಈ ಶಿಸ್ತನ್ನು ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಪಾತ್ರೆಯೂ ಅಂಥದೇ, ಗಾಜಿನ ಜಾಡಿ ಅಥವಾ ಪಿಂಗಾಣಿ ಭರಣಿ. ಹಣ್ಣಿನ ಹುಳಿಗೆ ಅಲ್ಯೂಮಿನಿಯಮ್ಮೂ ಕಬ್ಬಿಣವೂ ಆಗಿಬರವು. ಖರ್ಜೂರವನ್ನು ದ್ರಾಕ್ಷಿಯ ಗಾತ್ರಕ್ಕೆ ಹೆಚ್ಚಿ, ಎಲ್ಲವನ್ನೂ ಜಾಡಿಗೆ ತುಂಬಿ, 180 ಮಿಲಿಲೀಟರಿನಷ್ಟು, ಅಂದರೆ ನಮ್ಮಲ್ಲಿ ಕ್ವಾರ್ಟರ್ ಎಂದು ಕರೆಯುವ ಸೀಸೆಯಷ್ಟು, ರಮ್ಮನ್ನು ಸುರಿದು ಮುಚ್ಚಳವನ್ನು ಬಿಗಿಮಾಡಿ ಬಿಸಿಲು ತಾಗದ ಮೂಲೆಯಲ್ಲಿಡಬೇಕು. ಮೊದಲ ದಿನ ರಮ್ಮು ಜಾಡಿಯ ತಳದಲ್ಲಿ ನಿಂತಿದ್ದು ಮೇಲಿನ ಹಣ್ಣು ಒಣಗಿಯೇ ಇರುತ್ತದೆ. ಆದ್ದರಿಂದ ಮೊದಲ ವಾರ ದಿನಕ್ಕೊಮ್ಮೆ ಜಾಡಿಯನ್ನು ತಲೆಕೆಳಗು ಮಾಡಿ ಅಲುಗಿಸುವುದು ಅವಶ್ಯ. ವಾರ ಕಳೆಯುವ ವೇಳೆಗೆ ದ್ರಾಕ್ಷಿಯ ಸುಕ್ಕುಗಳು ಬಿಡಿಸಿಕೊಂಡು ಸಿಪ್ಪೆ ಮಿರುಗತೊಡಗುತ್ತದೆ. ತಳದ ದ್ರವ ಕುಗ್ಗಿ, ಹಣ್ಣಿನ ಸಕ್ಕರೆಯನ್ನು ಹೀರಿ ಎಣ್ಣೆಯಂತೆ ಮಂದವಾಗುತ್ತದೆ. ಒಂದು ಹಣ್ಣನ್ನು ಎರಡು ಬೆರಳುಗಳ ನಡುವೆ ಹಿಸುಕಿದರೆ ತೊಟ್ಟಿದ್ದ ಕಡೆಯಿಂದ ಕಂದುಬಣ್ಣದ ಹನಿಯೊಂದು ಹೊರಡುತ್ತದೆ. ಇದು ಹಣ್ಣು ನೆಂದಿತೆಂಬುದಕ್ಕೆ ಪ್ರಮಾಣ. ನಾಲ್ಕು ವಾರ ನೆಂದರೆ ಉತ್ತಮ. ಇನ್ನೂ ಹೆಚ್ಚು ಕಾಲ ಇಟ್ಟರೂ ಕೆಡದು. ಅಷ್ಟು ವ್ಯವಧಾನವಿಲ್ಲದವರು ಹಣ್ಣನ್ನು ಮೊದಲು ಹಬೆಯಲ್ಲಿ ಐದು ನಿಮಿಷ ಮೆತ್ತಗಾಗಿಸಿ, ಒಲೆಯಿಂದ ದೂರ ತಂದು, ಬೆಚ್ಚಗಿರುವಾಗಲೇ ರಮ್ಮನ್ನು ಬೆರೆಸಿ ಎರಡು ದಿನ ಇಡಬಹುದು. ರುಚಿ ಅಷ್ಟರಮಟ್ಟಿಗೆ ಕಡಮೆಯೇ. ಆದರೂ ನೆನಸದೆ ಹಾಕುವುದಕ್ಕಿಂತ ಮೇಲು.

ಕೇಕು ಬೇಯಿಸುವ ದಿನ ಮೊಟ್ಟಮೊದಲು ಮಾಡಬೇಕಾದದ್ದು ಸಕ್ಕರೆಯನ್ನು ಸುಡುವ ಕೆಲಸ. ಏಕೆಂದರೆ ಅದು ತಣ್ಣಗಾಗದೆ ಮುಂದಿನ ಕೆಲಸ ಸಾಗದು. ದಪ್ಪತಳದ ಪಾತ್ರೆಯಲ್ಲಿ 75 ಗ್ರಾಂ ಸಕ್ಕರೆಯನ್ನು ನೀರಿಲ್ಲದೆ ಸಣ್ಣ ಉರಿಯಲ್ಲಿಡಿ. ಅಂಚಿನಲ್ಲಿ ಕರಗತೊಡಗಿ ಜೇನಿನ ಬಣ್ಣಕ್ಕೆ, ಅಲ್ಲಿಂದ ತಾಮ್ರದ ಬಣ್ಣಕ್ಕೆ ತಿರುಗುವವರೆಗೆ ಅವಸರವಿಲ್ಲ. ಆಮೇಲಿನ ಬದಲಾವಣೆ ಮಾತ್ರ ಅತಿ ಶೀಘ್ರವಾದದ್ದು. ನೊರೆ ಎದ್ದು, ಬಣ್ಣ ಕಾಫಿಯ ಡಿಕಾಕ್ಷನ್ನಿನಂತಾಗಿ, ತೆಳ್ಳನೆಯ ಹೊಗೆಯೊಂದು ಕಾಣಿಸಿದ ತತ್‌ಕ್ಷಣ ಪಾತ್ರೆಯನ್ನು ಇಳಿಸಿ, 75 ಮಿಲಿಲೀಟರು ಬಿಸಿನೀರನ್ನು ಮುಖ ದೂರವಿಟ್ಟುಕೊಂಡು ಸ್ವಲ್ಪಸ್ವಲ್ಪವಾಗಿ ಹೊಯ್ಯಬೇಕು. ಪಾಕ ಭೋರೆಂದು ಸಿಡಿಯುತ್ತದೆಯಾದ್ದರಿಂದ ಮಕ್ಕಳನ್ನು ಆ ಹೊತ್ತಿನಲ್ಲಿ ಅಡಿಗೆಮನೆಯಿಂದ ದೂರವಿಡುವುದು ಕ್ಷೇಮ. ಅರ್ಧನಿಮಿಷ ತಡಮಾಡಿದರೆ ಪಾಕ ಕಹಿಯಾಗಿ, ಆ ಕಹಿಯನ್ನು ಯಾವ ರಮ್ಮೂ ಮರೆಮಾಚಲಾರದು. ಅಂಥ ಪಾಕವನ್ನು ಚೆಲ್ಲಿ ಹೊಸದಾಗಿ ಮಾಡುವುದೇ ಲೇಸು. ಇಲ್ಲಿ ಇನ್ನೊಂದು ಮಾತನ್ನು ಒತ್ತಿ ಹೇಳಬೇಕು: ಉರಿಯುವ ಒಲೆಯ ಮೇಲಿರುವ ಪಾತ್ರೆಗೆ, ಅದರಲ್ಲಿಯೂ ಬಿಸಿಯಾದ ಪಾಕಕ್ಕೆ, ಎಂದಿಗೂ ರಮ್ಮನ್ನು ನೇರವಾಗಿ ಸುರಿಯಬಾರದು. ಮದ್ಯಸಾರದ ಆವಿ ಜ್ವಾಲೆಯನ್ನು ತಾಗಿದೊಡನೆ ಹೊತ್ತಿಕೊಳ್ಳುತ್ತದೆ.

ಉಳಿದ ಸಾಮಗ್ರಿಗಳು ಇವು: ಮೈದಾ 200 ಗ್ರಾಂ, ಉಪ್ಪಿಲ್ಲದ ಬೆಣ್ಣೆ 200 ಗ್ರಾಂ, ಪುಡಿಮಾಡಿದ ಸಕ್ಕರೆ 180 ಗ್ರಾಂ, ಮೊಟ್ಟೆ 4, ಸಮಮಟ್ಟದ ಒಂದು ಟೀ ಚಮಚ ಬೇಕಿಂಗ್ ಪೌಡರ್, ಚಿಟಿಕೆ ಉಪ್ಪು, ಗೋಡಂಬಿ 75 ಗ್ರಾಂ, ದಾಲ್ಚಿನ್ನಿ ಲವಂಗ ಜಾಯಿಕಾಯಿ ಒಣಶುಂಠಿಗಳ ಪುಡಿ ಒಟ್ಟು ಒಂದೂವರೆ ಟೀ ಚಮಚ. ಇದರಲ್ಲಿ ದಾಲ್ಚಿನ್ನಿಯದೇ ಅರ್ಧಪಾಲಿರಲಿ, ಲವಂಗ ಅತ್ಯಲ್ಪವಿರಲಿ. ಬೆಣ್ಣೆಯೂ ಮೊಟ್ಟೆಯೂ ಶೀತಪೆಟ್ಟಿಗೆಯಿಂದ ಆಗತಾನೆ ತೆಗೆದವಾಗಿರಬಾರದು. ಬೆಣ್ಣೆ ಸಕ್ಕರೆಗಳನ್ನು ಬೆಳ್ಳಗೆ ಹಗುರಾಗುವವರೆಗೆ ನೊರೆಯುವಂತೆ ತಿರುವಿ, ಮೊಟ್ಟೆಗಳನ್ನು ಒಂದೊಂದಾಗಿ ಸೇರಿಸಬೇಕು. ಮಿಶ್ರಣ ಒಡೆದಂತೆ ಕಂಡರೆ ಒಂದು ಚಮಚ ಮೈದಾ ಹಾಕಿದರೆ ಕೂಡಿಕೊಳ್ಳುತ್ತದೆ. ಆಮೇಲೆ ಆರಿದ ಪಾಕ. ಆಮೇಲೆ ಎರಡು ಸಲ ಜರಡಿ ಹಿಡಿದ ಮೈದಾ, ಮಸಾಲೆ, ಬೇಕಿಂಗ್ ಪೌಡರುಗಳ ಮಿಶ್ರಣ. ಕೊನೆಯಲ್ಲಿ ಹಣ್ಣು ಮತ್ತು ಗೋಡಂಬಿ.

ಹಣ್ಣನ್ನು ಜಾಡಿಯಿಂದ ನೇರವಾಗಿ ಹಿಟ್ಟಿಗೆ ಸುರಿಯುವವರುಂಟು, ಅದು ಸರಿಯಲ್ಲ. ಅದನ್ನು ಜಾಲರಿಯಲ್ಲಿ ಬಸಿದು, ಮೊದಲೇ ತೆಗೆದಿರಿಸಿದ ಎರಡು ಚಮಚ ಮೈದಾದಲ್ಲಿ ಹೊರಳಿಸಿದರೆ ಹಣ್ಣು ತಳಕ್ಕಿಳಿಯದೆ ಕೇಕಿನ ತುಂಬ ಹರಡಿ ನಿಲ್ಲುತ್ತದೆ. ಬಸಿದು ಬಂದ ದ್ರವ ಸಾಮಾನ್ಯವಾಗಿ ಎರಡು ಮೂರು ಚಮಚದಷ್ಟಿರುತ್ತದೆ. ಅದನ್ನೂ ಕಡೆಯಲ್ಲಿ ಹಿಟ್ಟಿಗೆ ಸೇರಿಸಬಹುದು, ಆದರೆ ಅದಕ್ಕಿಂತ ಹೆಚ್ಚಿನ ರಮ್ಮನ್ನು ಹಸಿಹಿಟ್ಟಿಗೆ ಹೊಯ್ಯುವುದರಿಂದ ಪ್ರಯೋಜನವಿಲ್ಲ, ಹಾನಿಯುಂಟು. ಹಿಟ್ಟು ನೀರಾದರೆ ಹಣ್ಣು ಮುಳುಗುತ್ತದೆ, ನಡುಭಾಗ ಕುಸಿಯುತ್ತದೆ. ಹೆಚ್ಚು ಸುರಿದರೆ ಹೆಚ್ಚು ರುಚಿ ಎಂಬ ಭ್ರಮೆಯಿಂದ ಕೆಟ್ಟ ಕೇಕುಗಳೇ ಬಹಳ.

ಅಚ್ಚಿನ ತಳಕ್ಕೂ ಸುತ್ತಲಿಗೂ ಎರಡು ಪದರ ಬೆಣ್ಣೆಕಾಗದವನ್ನು, ಅಂಚಿನಿಂದ ಒಂದಂಗುಲ ಮೇಲೆ ನಿಲ್ಲುವಂತೆ, ಹಾಸಬೇಕು. ದೀರ್ಘಕಾಲ ಬೇಯುವ ಕೇಕಿಗೆ ಇದು ಹೊರಗಿನ ಕಾವಿನಿಂದ ರಕ್ಷೆ. ಮೊದಲೇ 150 ಡಿಗ್ರಿ ಸೆಲ್ಸಿಯಸ್ಸಿಗೆ ಕಾಯಿಸಿದ ಓವನ್ನಿನ ನಡುವಣ ತಟ್ಟೆಯಲ್ಲಿಟ್ಟು ಸುಮಾರು ಎರಡು ಗಂಟೆ ಬೇಯಿಸಬೇಕು. ನಮ್ಮ ಮನೆಗಳ ಚಿಕ್ಕ ಓಟಿಜಿಗಳಲ್ಲಿ ಮೇಲಿನ ಸರಳು ಕೇಕಿಗೆ ತೀರ ಹತ್ತಿರವಿರುವುದರಿಂದ ಒಂದು ಗಂಟೆಯ ನಂತರ ಮೇಲ್ಭಾಗಕ್ಕೆ ಬೆಣ್ಣೆಕಾಗದವನ್ನು ಸಡಿಲವಾಗಿ ಹೊದಿಸುವುದು ಒಳ್ಳೆಯದು. ಒಂದೂಮುಕ್ಕಾಲು ಗಂಟೆಯಾದಾಗ ತೆಳ್ಳನೆಯ ಕಡ್ಡಿಯನ್ನು ಚುಚ್ಚಿ ನೋಡಿ. ಹಸಿಹಿಟ್ಟು ಅಂಟದಿದ್ದರೆ ಬೆಂದಿತು. ಕಡ್ಡಿ ದ್ರಾಕ್ಷಿಯೊಂದನ್ನು ಹಾದು ಬಂದರೆ ಅಂಟಂಟಾಗಿ ಕಾಣುವುದು ಸಹಜ, ಇನ್ನೊಂದೆಡೆ ಚುಚ್ಚಿ ನೋಡಬೇಕು. ಓವನ್ ಇಲ್ಲದೆ ಕುಕ್ಕರಿನಲ್ಲಿ, ವೆಯ್ಟನ್ನೂ ಗ್ಯಾಸ್ಕೆಟ್ಟನ್ನೂ ತೆಗೆದು, ಉಪ್ಪಿನ ಹಾಸಿನ ಮೇಲೆ ಕೇಕು ಮಾಡುವವರು ಈ ಪ್ರಮಾಣದ ಅರ್ಧವನ್ನಷ್ಟೇ ತೆಗೆದುಕೊಳ್ಳಲಿ. ಹಣ್ಣನ್ನು ಚೆನ್ನಾಗಿ ಬಸಿದು, ಬಸಿದ ದ್ರವವನ್ನು ಹಿಟ್ಟಿಗೆ ಸೇರಿಸದಿರಲಿ, ಅಡಿಗೆಮನೆಯ ಕಿಟಕಿ ತೆರೆದಿರಲಿ. ಬೆಂದ ಕೇಕನ್ನು ಅಚ್ಚಿನಲ್ಲಿಯೇ ರಾತ್ರಿಯೆಲ್ಲ ಆರಬಿಡಬೇಕು. ಬಿಸಿಯಲ್ಲಿ ಕತ್ತರಿಸಿದರೆ ಹಣ್ಣಿನ ಭಾರಕ್ಕೆ ಅದು ಉದುರಿಹೋಗುತ್ತದೆ.

ಇದಾದ ಮೇಲೆ ಬರುವುದು ಕೇಕಿಗೆ ರಮ್ಮು ಉಣಿಸುವ ಕ್ರಮ. ಹಲ್ಲುಕಡ್ಡಿಯಿಂದ ಮೇಲ್ಭಾಗದಲ್ಲಿ ಅಲ್ಲಲ್ಲಿ ಚುಚ್ಚಿ, ಎರಡು ದೊಡ್ಡ ಚಮಚ, ಅಂದರೆ 30 ಮಿಲಿಲೀಟರು, ರಮ್ಮನ್ನು ಹನಿಹನಿಯಾಗಿ ಬಿಡಬೇಕು. ಮೊದಲು ಬೆಣ್ಣೆಕಾಗದದಲ್ಲಿಯೂ ಅದರ ಮೇಲೆ ಅಲ್ಯೂಮಿನಿಯಮ್ ಹಾಳೆಯಲ್ಲಿಯೂ ಸುತ್ತಿ, ಗಾಳಿಯಾಡದ ಡಬ್ಬಿಯಲ್ಲಿಡಬೇಕು. ಹಾಳೆ ನೇರವಾಗಿ ಹಣ್ಣಿಗೆ ತಾಗುವುದು ಒಳ್ಳೆಯದಲ್ಲ. ವಾರಕ್ಕೊಮ್ಮೆ ಹೀಗೆ ನಾಲ್ಕು ವಾರ ಮಾಡಿದರೆ, ಮೊದಲ ದಿನ ಬಿಡಿಬಿಡಿಯಾಗಿ ಮೂಗಿಗೆ ಬಡಿಯುತ್ತಿದ್ದ ಲವಂಗ, ಶುಂಠಿ, ಸುಟ್ಟ ಸಕ್ಕರೆ ಎಲ್ಲವೂ ಒಂದರಲ್ಲೊಂದು ಕರಗಿ, ಕೇಕು ಚಾಕುವಿಗೆ ಅಂಟದಂತೆ, ಆದರೂ ತೇವದಿಂದ ತುಂಡಾಗುತ್ತದೆ.

ಲೇಖನದ ಮೊದಲಲ್ಲಿ ಎತ್ತಿದ ಪ್ರಶ್ನೆಗೆ ಉತ್ತರವಿರುವುದು ಇಲ್ಲಿಯೇ. ಮದ್ಯಸಾರ ಕುದಿಯುವುದು ಸುಮಾರು 78 ಡಿಗ್ರಿಯಲ್ಲಿ, ನೀರು 100 ಡಿಗ್ರಿಯಲ್ಲಿ. ಆದ್ದರಿಂದ ಕೇಕು ಬೇಯುವಾಗ ಮದ್ಯಸಾರವೆಲ್ಲ ಮೊದಲೇ ಹೊರಟುಹೋಗುವುದೆಂದು ಜನ ಊಹಿಸುತ್ತಾರೆ. ಆದರೆ ನೀರಿನೊಡನೆ ಬೆರೆತ ಮದ್ಯಸಾರ ನೀರನ್ನು ಅಷ್ಟು ಸುಲಭವಾಗಿ ಬಿಟ್ಟುಹೋಗದು. ಹಿಟ್ಟೂ ಹಣ್ಣೂ ಅದನ್ನು ಹಿಡಿದಿಟ್ಟುಕೊಳ್ಳುತ್ತವೆ. ಅಮೆರಿಕದ ಕೃಷಿ ಇಲಾಖೆಯವರು ಪ್ರಕಟಿಸಿರುವ ಕೋಷ್ಟಕದ ಪ್ರಕಾರ, ಆಹಾರದಲ್ಲಿ ಬೆರೆಸಿ ಬೇಯಿಸಿದ ಮದ್ಯಸಾರದಲ್ಲಿ 15 ನಿಮಿಷದ ನಂತರ ಶೇಕಡ 40ರಷ್ಟೂ, ಅರ್ಧ ಗಂಟೆಯ ನಂತರ 35ರಷ್ಟೂ, ಒಂದು ಗಂಟೆಯ ನಂತರ 25ರಷ್ಟೂ, ಎರಡು ಗಂಟೆಯ ನಂತರ 10ರಷ್ಟೂ ಉಳಿದಿರುತ್ತದೆ. ನಮ್ಮಲ್ಲಿ ಮಾರುವ ರಮ್ಮಿನಲ್ಲಿ ಸಾಮಾನ್ಯವಾಗಿ ಶೇಕಡ 42.8ರಷ್ಟು ಮದ್ಯಸಾರವಿರುವುದರಿಂದ 180 ಮಿಲಿಲೀಟರಿನಲ್ಲಿರುವುದು ಸುಮಾರು 77 ಮಿಲಿಲೀಟರು. ಎರಡು ಗಂಟೆ ಬೆಂದ ಕೇಕಿನಲ್ಲಿ ಉಳಿಯುವುದು ಅದರ ಹತ್ತನೆಯ ಒಂದು ಪಾಲು, ಎಂಟು ಮಿಲಿಲೀಟರಿನ ಸುಮಾರು. ಕೇಕನ್ನು ಮೂವತ್ತು ತುಂಡು ಮಾಡಿದರೆ ಒಂದೊಂದರಲ್ಲಿ ಕಾಲು ಮಿಲಿಲೀಟರಿಗಿಂತ ಸ್ವಲ್ಪ ಹೆಚ್ಚು.

ಉಣಿಸಿದ ರಮ್ಮಿನ ಲೆಕ್ಕ ಬೇರೆ. ವಾರಕ್ಕೆ 30 ಮಿಲಿಲೀಟರಿನಂತೆ ನಾಲ್ಕು ವಾರಕ್ಕೆ 120 ಮಿಲಿಲೀಟರು. ಅದರಲ್ಲಿ ಮದ್ಯಸಾರ 51 ಮಿಲಿಲೀಟರು. ಅದು ಒಲೆಯನ್ನೇ ಕಾಣುವುದಿಲ್ಲ. ಸ್ವಲ್ಪಭಾಗ ಆರಿಹೋಗುವುದೆಂದು ಇಟ್ಟುಕೊಂಡರೂ ಪ್ರತಿ ತುಂಡಿನಲ್ಲಿ ಒಂದೂವರೆ ಮಿಲಿಲೀಟರಿನ ಆಸುಪಾಸು ಉಳಿದಿರುತ್ತದೆ, ಅಂದರೆ ಬೇಯಿಸಿದ ರಮ್ಮಿನಿಂದ ಉಳಿದದ್ದರ ಐದಾರು ಪಾಲು. ಒಂದು ತುಂಡು ತಿಂದ ವಯಸ್ಕನಿಗೆ ಇದರಿಂದ ಮತ್ತೇರುವುದಿಲ್ಲವೆಂಬುದು ನಿಜ. 30 ಮಿಲಿಲೀಟರಿನ ಒಂದು ಪೆಗ್ಗಿಗೆ ಸಮವಾಗಬೇಕಾದರೆ ಏಳೆಂಟು ತುಂಡು ತಿನ್ನಬೇಕಾಗುತ್ತದೆ. ಆದರೆ ಮದ್ಯವೇನೂ ಉಳಿದಿಲ್ಲವೆಂಬ ಮಾತು ಸುಳ್ಳೆಂಬುದೂ ಅಷ್ಟೇ ನಿಜ. ಮದ್ಯಾಂಶವನ್ನು ಕಡಮೆ ಮಾಡಬೇಕೆನ್ನುವವರು ನೆನೆಹಾಕುವ ರಮ್ಮನ್ನು ತಗ್ಗಿಸಬೇಕಾಗಿಲ್ಲ. ಉಣಿಸುವ ಕ್ರಮವನ್ನು ಬಿಟ್ಟರೆ ಸಾಕು. ಹಾಗೆ ಉಣಿಸದ ಕೇಕನ್ನು, ವಿಶೇಷವಾಗಿ ಕರಾವಳಿಯ ತೇವದ ಹವೆಯಲ್ಲಿ, ಶೀತಪೆಟ್ಟಿಗೆಯಲ್ಲಿಟ್ಟು ಎರಡು ವಾರದೊಳಗೆ ಮುಗಿಸತಕ್ಕದ್ದು.

ರಮ್ಮಿನ ಹೊರತಾಗಿ ಬೇರೆ ಮದ್ಯಗಳ ಕೇಕುಗಳೂ ಇವೆ. ಬ್ರಾಂದಿ ಇದೇ ಪಾಕಕ್ಕೆ ಸರಿಹೊಂದುತ್ತದೆ, ಪರಿಮಳ ಸ್ವಲ್ಪ ಸೌಮ್ಯ. ವಿಸ್ಕಿಯನ್ನು ಬಳಸುವವರು ಬಾದಾಮಿಯನ್ನೂ ಕಿತ್ತಳೆಯನ್ನೂ ಹೆಚ್ಚಿಸಿ ಮಸಾಲೆಯನ್ನು ಇಳಿಸಬೇಕು. 1948ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಅಮೃತ್ ಡಿಸ್ಟಿಲರಿಯವರ ಸಿಂಗಲ್ ಮಾಲ್ಟ್ ಇಂದು ಲೋಕಪ್ರಸಿದ್ಧವಾದರೂ ಅಂಥದನ್ನು ಎರಡು ಗಂಟೆ ಬೇಯಿಸುವುದು ದ್ರವ್ಯದ ಅಪವ್ಯಯವೆಂದೇ ನನ್ನ ಅಭಿಪ್ರಾಯ. ಆರಿದ ಕೇಕಿನ ಮೇಲೆ ಒಂದೆರಡು ಚಮಚ ಹನಿಸಲು ಮಾತ್ರ ಅದು ತಕ್ಕದ್ದು. ಹೊಗೆಯ ವಾಸನೆಯ ವಿಸ್ಕಿ ಯಾವ ಕೇಕಿಗೂ ಬೇಡ. ಗೋವೆಯ ಗೇರುಫೆನಿಯ ಗಂಧ ಅತ್ಯುಗ್ರ. ಬೆಲ್ಲ ತೆಂಗಿನಕಾಯಿಗಳ ಕೇಕಿಗೆ ಎರಡು ಚಮಚ ಹಾಕಿದರೆ ಸೊಗಸು, ಅದನ್ನು ಮೀರಿದರೆ ಬೇರೆ ರುಚಿಯೇ ಉಳಿಯದು. ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರಗಳ ಕಡೆ ಬೆಳೆಯುವ ಬೆಂಗಳೂರು ನೀಲಿ ದ್ರಾಕ್ಷಿಯಿಂದ ಮಾಡಿದ ಸಿಹಿ ವೈನು ಚಾಕೊಲೇಟ್ ಕೇಕಿಗೆ ಚೆನ್ನಾಗಿ ಒಪ್ಪುತ್ತದೆ. ಒಂದು ಲೋಟ ವೈನನ್ನು ಸಣ್ಣ ಉರಿಯಲ್ಲಿ ಅರ್ಧಕ್ಕಿಳಿಸಿ, ಆರಿಸಿ, ಆ ಕೇಕಿನ ಹಿಟ್ಟಿಗೆ ಸೇರಿಸುವ ಹಾಲಿಗೆ ಬದಲಾಗಿ ಹಾಕಬೇಕು. ಬಿಯರಿನಲ್ಲಿ ಕಪ್ಪು ಸ್ಟೌಟ್ ಮಾತ್ರ ಪ್ರಯೋಜನಕಾರಿ, ಏಕೆಂದರೆ ಅದರ ಹುರಿದ ಬಾರ್ಲಿಯ ಕಹಿ ಕೋಕೋವಿನ ಕಹಿಯೊಡನೆ ಕೂಡಿ ಗಾಢವಾಗುತ್ತದೆ. ತಿಳಿಬಣ್ಣದ ಬಿಯರಿನಿಂದ ನೊರೆಯ ಹೊರತು ಬೇರೆ ಗುಣ ಕಾಣದು.

ನಮ್ಮ ಬೇಕರಿಗಳಲ್ಲಿ ಬ್ಲ್ಯಾಕ್ ಫಾರೆಸ್ಟ್ ಎಂಬ ಹೆಸರಿನಲ್ಲಿ ಸಿಗುವ ಕೇಕಿನ ಮೂಲಸ್ಥಾನ ಜರ್ಮನಿ. ಅಲ್ಲಿ ಅದಕ್ಕೆ ಚೆರ್ರಿಹಣ್ಣಿನಿಂದ ಬಟ್ಟಿಯಿಳಿಸಿದ ಕಿರ್ಷ್ ಎಂಬ ಮದ್ಯವನ್ನು ಸೇರಿಸಬೇಕೆಂದೂ, ಅದರ ರುಚಿ ಸ್ಪಷ್ಟವಾಗಿ ತಿಳಿಯುವಂತಿರಬೇಕೆಂದೂ ಆಹಾರದ ಮಾರ್ಗಸೂಚಿಯೇ ವಿಧಿಸುತ್ತದೆ. ನಮ್ಮಲ್ಲಿ ಅದರ ಬದಲಿಗೆ ಬಳಕೆಯಾಗುವುದು ಸಾಮಾನ್ಯವಾಗಿ ಡಬ್ಬಿಯ ಚೆರ್ರಿಯ ಸಕ್ಕರೆನೀರು. ಇಂಥ ಮೃದುವಾದ ಕೇಕುಗಳಿಗೆ ಮದ್ಯವನ್ನು ಹಿಟ್ಟಿನಲ್ಲಿ ಬೆರೆಸದೆ ಪಾಕದ ಮೂಲಕ ಕುಡಿಸುವುದೇ ಕ್ರಮ: 100 ಗ್ರಾಂ ಸಕ್ಕರೆಯನ್ನು 100 ಮಿಲಿಲೀಟರು ನೀರಿನಲ್ಲಿ ಕುದಿಸಿ, ಒಲೆಯಿಂದಿಳಿಸಿ ಉಗುರುಬೆಚ್ಚಗಾದ ಮೇಲೆ 50 ಮಿಲಿಲೀಟರು ರಮ್ಮು ಅಥವಾ ಬ್ರಾಂದಿಯನ್ನು ಬೆರೆಸಿ, ಆರಿದ ಕೇಕಿನ ಪದರಗಳ ಮೇಲೆ ಚಮಚದಿಂದ ಹನಿಸಬೇಕು. ಈ ಕೇಕುಗಳಲ್ಲಿ ಮದ್ಯ ಬೇಯುವುದೇ ಇಲ್ಲವಾದ್ದರಿಂದ ಹಾಕಿದ್ದು ಹೆಚ್ಚುಕಡಮೆ ಹಾಗೆಯೇ ಇರುತ್ತದೆಂಬುದನ್ನು ಮರೆಯಬಾರದು.

ಈ ಕಾರಣದಿಂದಲೇ ಮದ್ಯ ಬೆರೆಸಿದ ಕೇಕನ್ನು ಅತಿಥಿಗಳ ಮುಂದಿಡುವಾಗ ಆ ಸಂಗತಿಯನ್ನು ಬಾಯಿಬಿಟ್ಟು ಹೇಳುವುದು ಆತಿಥ್ಯದ ಮೊದಲ ಧರ್ಮ. ಧರ್ಮನಿಷ್ಠೆಯಿಂದಲೋ ವ್ರತದಿಂದಲೋ ಮದ್ಯವನ್ನು ವರ್ಜಿಸಿದವರು, ಗರ್ಭಿಣಿಯರು, ಮಕ್ಕಳು, ಕುಡಿತವನ್ನು ಬಹುಕಷ್ಟದಿಂದ ಬಿಟ್ಟು ಬಂದವರು, ಇವರೆಲ್ಲರಿಗೂ ಒಂದು ತುಂಡು ಕೇಕು ಕ್ಷುಲ್ಲಕ ವಿಷಯವಾಗಿರಲಾರದು. ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಎಂಬ ಔಷಧವನ್ನು ಸೇವಿಸುತ್ತಿರುವವರಿಗಂತೂ ಅಲ್ಪಪ್ರಮಾಣದ ಮದ್ಯವೂ ವಾಂತಿ, ಎದೆಬಡಿತಗಳನ್ನು ತಂದೊಡ್ಡಬಲ್ಲದು. ಸ್ವಲ್ಪವೇ ತಾನೇ, ಗೊತ್ತಾಗುವುದಿಲ್ಲ ಎಂದು ಮರೆಮಾಚಿ ಬಡಿಸುವುದನ್ನು ಯಾವ ಪ್ರೀತಿಯ ಹೆಸರಿನಲ್ಲಿಯೂ ಸಮರ್ಥಿಸಲಾಗದು. ಹಬ್ಬದ ದಿನ ಎರಡು ಕೇಕುಗಳನ್ನು ಮಾಡಿ, ಚೀಟಿ ಬರೆದು ಬೇರೆ ಬೇರೆ ತಟ್ಟೆಗಳಲ್ಲಿಡುವ ಮನೆಗಳ ಪದ್ಧತಿ ಅನುಕರಣೀಯ.

ಎರಡನೆಯ ಕೇಕಿಗೆ ಹಣ್ಣನ್ನು ನೆನೆಸಲು ಕಪ್ಪುದ್ರಾಕ್ಷಿಯ ರಸವೂ ಕಿತ್ತಳೆಯ ರಸವೂ ಸಮಪಾಲಾಗಿ ಸೇರಿದ 180 ಮಿಲಿಲೀಟರು ಸಾಕು. ಅದಕ್ಕೆ ಹಾಲು ಹಾಕದ ಗಟ್ಟಿ ಚಹಾವನ್ನು ಎರಡು ಚಮಚ ಬೆರೆಸಿದರೆ ರಮ್ಮಿನಲ್ಲಿರುವ ಒಗರಿನ ಸ್ಥಾನವನ್ನು ಅದು ಸ್ವಲ್ಪಮಟ್ಟಿಗೆ ತುಂಬುತ್ತದೆ. ಹಣ್ಣನ್ನು ಈ ರಸದೊಡನೆ ಐದು ನಿಮಿಷ ಕುದಿಸಿ, ಆರಿದ ಮೇಲೆ ಶೀತಪೆಟ್ಟಿಗೆಯಲ್ಲಿ ಒಂದು ರಾತ್ರಿ ಇಟ್ಟು ಮಾರನೆಯ ದಿನವೇ ಬಳಸಬೇಕು. ರಮ್ಮಿನಂತೆ ವಾರಗಟ್ಟಲೆ ಇಟ್ಟರೆ ರಸ ಹುಳಿತು ಕೆಡುತ್ತದೆ. ಅಂಗಡಿಯಲ್ಲಿ ಸಿಗುವ ರಮ್ ಎಸೆನ್ಸನ್ನು ನಾನು ಶಿಫಾರಸು ಮಾಡಲಾರೆ. ಅದರ ಕೃತಕವಾಸನೆ ಮೂಗಿಗೆ ರಾಚುವುದಲ್ಲದೆ, ಕೆಲವು ಎಸೆನ್ಸುಗಳನ್ನು ಮದ್ಯಸಾರದಲ್ಲಿಯೇ ಕರಗಿಸಿರುತ್ತಾರಾದ್ದರಿಂದ ಕೊಳ್ಳುವ ಮೊದಲು ಸೀಸೆಯ ಮೇಲಿನ ಚೀಟಿಯನ್ನು ಓದುವುದು ಅಗತ್ಯ.

ಡಿಸೆಂಬರ್ 25ಕ್ಕೆ ಪಕ್ವವಾದ ಕೇಕು ಬೇಕೆನ್ನುವವರು ಅಕ್ಟೋಬರಿನ ಕಡೆಯ ವಾರದೊಳಗೆ ಹಣ್ಣನ್ನು ನೆನೆಹಾಕಿ, ನವೆಂಬರ್ 25ರ ಸುಮಾರಿಗೆ ಬೇಯಿಸಿ, ವಾರಕ್ಕೊಮ್ಮೆ ಉಣಿಸಿ, ಹಬ್ಬಕ್ಕೆ ಎರಡು ದಿನ ಮುಂಚೆ ಉಣಿಸುವುದನ್ನು ನಿಲ್ಲಿಸಬೇಕು. ತಡವಾದವರು ಹಬೆಯಲ್ಲಿ ಮೆತ್ತಗಾಗಿಸುವ ಉಪಾಯವನ್ನು ಅನುಸರಿಸಿ ಡಿಸೆಂಬರ್ ಎರಡನೆಯ ವಾರದಲ್ಲಿ ಬೇಯಿಸಿದರೂ ನಡೆಯುತ್ತದೆ. ಆ ಕೇಕು ಹೊಸವರ್ಷದ ಹೊತ್ತಿಗೆ ಇನ್ನೂ ಚೆನ್ನಾಗಿರುತ್ತದೆ.